ಬಳ್ಳಾರಿ ಎಲ್‌ಐಸಿ ಕೆಲಸ ಬಿಟ್ಟು, ಊರೂರಲ್ಲಿ ಚಂದಾ ಎತ್ತಿ ಸಿನಿಮಾ ಮಾಡಿದ ಜಾನ್ ಅಬ್ರಹಾಂ

ಜಾನ್ ಅಬ್ರಹಾಂ ಅಂದ ಕೂಡಲೇ ನಮ್ಮ ಹುಡುಗರಿಗೆ ನೆನಪಾಗೋದು ಬೈಕ್ ಓಡಿಸುವ, ಕಟ್ಟುಮಸ್ತು ಮೈಯ ಹಿಂದಿ ನಟ. ಇಲ್ಲಿ ಹೇಳಹೊರಟಿರೋದು ಅವರ ಕತೆಯಲ್ಲ. ಅದೇ ಹೆಸರಿನ ಇನ್ನೊಬ್ಬರು ಕೇರಳದಲ್ಲಿದ್ದರು. ಗಡ್ಡ ಬಿಟ್ಟುಕೊಂಡು, ಕೈಯಲ್ಲಿ ಕಾಸಿಲ್ಲದೆ ಊರೂರು ಅಲೆಯುತ್ತಿದ್ದ ಸಿನಿಮಾ ನಿರ್ದೇಶಕ. ಐವತ್ತು ತುಂಬುವ ಮೊದಲೇ, 1987ರಲ್ಲಿ ತೀರಿಕೊಂಡರು. ಪೂರ್ತಿಯಾಗಿ ಮಾಡಿದ್ದು ನಾಲ್ಕೇ ಕಥಾಚಿತ್ರ. ಆದರೂ ಮಲಯಾಳ ಸಿನಿಮಾದ ಮಾತು ಬಂದಲ್ಲೆಲ್ಲ ಅವರ ಹೆಸರು ಬಂದೇ ಬರುತ್ತೆ.

ನಮ್ಮ ಜಿಲ್ಲೆಯ ಜಾಲತಾಣದಲ್ಲಿ ಅವರ ವಿಷಯ ಯಾಕೆ ಅಂತೀರಾ? ಸಿನಿಮಾಕ್ಕೆ ಹೋಗುವ ಮೊದಲು ಈ ಮನುಷ್ಯ ಸಂಬಳ ಎಣಿಸಿದ್ದು ಇದೇ ಬಳ್ಳಾರಿಯಲ್ಲಿ, ಎಲ್‌ಐಸಿ ಕಚೇರಿಯ ನೌಕರನಾಗಿ.

ಜಾನ್ ಹುಟ್ಟಿದ್ದು 1937ರ ಆಗಸ್ಟ್ 11ರಂದು, ಆಲಪ್ಪುಳ ಕಡೆಯ ಕುಟ್ಟನಾಡಿನಲ್ಲಿ. ಕುಟ್ಟನಾಡು ಅಂದರೆ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ಸೀಮೆ. ಎಲ್ಲಿ ನೋಡಿದರೂ ಕಾಲುವೆ, ಹಿನ್ನೀರು, ದೋಣಿ. ಅಲ್ಲಿನ ಜಮೀನ್ದಾರಿಕೆ, ಚರ್ಚು, ಕೂಲಿಗಳ ಹೋರಾಟ ಎಲ್ಲವನ್ನೂ ಕಣ್ಣಾರೆ ನೋಡಿ ಬೆಳೆದವರು. ಕೋಟ್ಟಯಂನ ಸಿಎಂಎಸ್ ಕಾಲೇಜು, ಆಮೇಲೆ ತಿರುವಲ್ಲದ ಮಾರ್ಥೋಮಾ ಕಾಲೇಜಲ್ಲಿ ಓದು. ಸ್ವಲ್ಪ ದಿನ ಪಾಠ ಹೇಳುವ ಕೆಲಸ. ಅದಾದ ಮೇಲೆ ಎಲ್‌ಐಸಿ ನೌಕರಿ, ಬಳ್ಳಾರಿಗೆ ಬಂದರು.

ಆ ಕಾಲಕ್ಕೆ ಎಲ್‌ಐಸಿ ಇನ್ನೂ ಹೊಸದು. 1956ರಲ್ಲಿ ಖಾಸಗಿ ವಿಮಾ ಕಂಪನಿಗಳನ್ನೆಲ್ಲ ಸೇರಿಸಿ ಸರ್ಕಾರ ಕಟ್ಟಿದ ಸಂಸ್ಥೆ. ಅಲ್ಲಿ ಕೆಲಸ ಸಿಕ್ಕಿತು ಅಂದರೆ ಜೀವನ ದಡ ಸೇರಿತು ಅಂತಲೇ ಲೆಕ್ಕ. ಹೆಣ್ಣು ಕೊಡೋರು ತಾವೇ ಹುಡುಕಿಕೊಂಡು ಬರುತ್ತಿದ್ದ ನೌಕರಿ. ನೀರಲ್ಲೇ ಹುಟ್ಟಿ ಬೆಳೆದ ಹುಡುಗ ನಮ್ಮ ಬಳ್ಳಾರಿಯ ಬಿಸಿಲಲ್ಲಿ ಸುಮಾರು ಮೂರು ವರ್ಷ ಇದ್ದ. ಪಾಲಿಸಿ, ಪ್ರೀಮಿಯಂ, ಲೆಡ್ಜರು. ಆಮೇಲೆ ಒಂದು ದಿನ ಆ ಕೆಲಸ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿಕೊಂಡ. ಭದ್ರವಾದ ನೌಕರಿಗೆ ರಾಜೀನಾಮೆ ಕೊಟ್ಟು ಸಿನಿಮಾ ಕಲಿಯೋಕೆ ಹೋಗೋದು ಈಗಲೂ ಸುಲಭದ ಮಾತಲ್ಲ. 1960ರ ದಶಕದಲ್ಲಿ ಮನೆಯವರ ಎದುರು ಹೇಗೆ ನಿಂತರೋ.

ಪುಣೆಯಲ್ಲಿ ಅವರಿಗೆ ಸಿಕ್ಕ ಗುರು ಋತ್ವಿಕ್ ಘಟಕ್. ಬಂಗಾಳದ ದೊಡ್ಡ ನಿರ್ದೇಶಕ. ದೇಶ ವಿಭಜನೆಯಲ್ಲಿ ಮನೆಮಠ ಕಳಕೊಂಡವರ ಕತೆಗಳನ್ನ ಸಿನಿಮಾ ಮಾಡಿದವರು. ಅವರ ಸಿನಿಮಾಗಳಲ್ಲಿ ಹೆಚ್ಚಿನವು ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿದವು, ಕುಡಿತ ಬೇರೆ ವಿಪರೀತ. ಆದರೆ ಪಾಠಕ್ಕೆ ನಿಂತರೆ ಹುಡುಗರು ಅಲುಗಾಡದೆ ಕೂರುತ್ತಿದ್ದರು. ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಎಲ್ಲ ಅವರದೇ ಶಿಷ್ಯರು. ಗುರುವಿನಿಂದ ಜಾನ್ ಒಳ್ಳೆಯದನ್ನೂ ಕಲಿತರು, ಬಾಟಲಿಯನ್ನೂ ಕಲಿತರು ಅಂತ ಆಡಿಕೊಳ್ಳುವವರಿದ್ದಾರೆ. ಅದು ಅರ್ಧ ಸತ್ಯ ಇರಬಹುದು. ಚಿತ್ರಕತೆ ಮತ್ತು ನಿರ್ದೇಶನದಲ್ಲಿ ಚಿನ್ನದ ಪದಕ ತಗೊಂಡು ಹೊರಬಂದರು ಅನ್ನೋದು ಮಾತ್ರ ಪೂರ್ತಿ ಸತ್ಯ. ಮಣಿ ಕೌಲ್ 1969ರಲ್ಲಿ 'ಉಸ್ಕಿ ರೋಟಿ' ಮಾಡಿದಾಗ ಅದಕ್ಕೆ ಸಹಾಯಕರಾಗಿ ದುಡಿದರು.

1972ರಲ್ಲಿ ಸ್ವಂತ ನಿರ್ದೇಶನದ ಮೊದಲ ಚಿತ್ರ ಬಂತು. ಹೆಸರು 'ವಿದ್ಯಾರ್ಥಿಕಳೇ ಇತಿಲೇ ಇತಿಲೇ', ಅಂದರೆ ವಿದ್ಯಾರ್ಥಿಗಳೇ ಈ ದಾರೀಲಿ ಬನ್ನಿ ಅಂತ. ಮಧು, ಅಡೂರ್ ಭಾಸಿ ಥರದ ಹೆಸರಾಂತ ನಟರಿದ್ದರೂ ಓಡಲಿಲ್ಲ. ಅದೇ ವರ್ಷ ಪುಣೆಯಲ್ಲೇ ಓದಿ ಬಂದ ಇನ್ನೊಬ್ಬ ಮಲಯಾಳಿ, ಅಡೂರ್ ಗೋಪಾಲಕೃಷ್ಣನ್, 'ಸ್ವಯಂವರಂ' ಮಾಡಿ ದೇಶಕ್ಕೇ ಹೆಸರಾದರು. ಅಡೂರ್ ಅವರಿಗೆ ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್‌ನ ಸಾಲ ಸಿಕ್ಕಿತ್ತು. ಜೊತೆಗೆ ತಮ್ಮವರೇ ಕಟ್ಟಿಕೊಂಡ ಸಹಕಾರ ಸಂಘ ಇತ್ತು, ಶಿಸ್ತಿತ್ತು. ಜಾನ್ ಬಳಿ ಮೂರೂ ಇರಲಿಲ್ಲ.

ಇಲ್ಲಿ ಸಿನಿಮಾ ದುಡ್ಡಿನ ವ್ಯವಹಾರ ಸ್ವಲ್ಪ ಹೇಳಬೇಕು. ಅಂಗಡಿ ನಡೆಸೋರಿಗೆ ಇದು ಬೇಗ ಅರ್ಥ ಆಗುತ್ತೆ. ಸಿನಿಮಾ ತೆಗೆಯೋರು ಸಾಮಾನ್ಯವಾಗಿ ಸ್ವಂತ ದುಡ್ಡಲ್ಲಿ ತೆಗೆಯಲ್ಲ. ಫೈನಾನ್ಶಿಯರ್ ಹತ್ತಿರ ಬಡ್ಡಿಗೆ ತರ್ತಾರೆ, ಇಲ್ಲವೇ ಹಂಚಿಕೆದಾರರಿಂದ ಅಡ್ವಾನ್ಸ್ ಎತ್ತುತ್ತಾರೆ. ಬಡ್ಡಿ ಮಾತ್ರ ಶೂಟಿಂಗ್ ನಿಂತರೂ ನಿಲ್ಲಲ್ಲ. ದುಡ್ಡು ಹಾಕಿದವನು ಸುಮ್ಮನಿರ್ತಾನಾ? ಹೀರೋ ಯಾರು, ಹಾಡು ಎಷ್ಟು, ಫೈಟು ಎಲ್ಲಿ, ಎಲ್ಲ ಅವನೇ ಹೇಳ್ತಾನೆ. ಹೋಲ್‌ಸೇಲ್ ವ್ಯಾಪಾರಿ ಹತ್ತಿರ ಉದ್ರಿ ತಂದ ಮೇಲೆ ಅವನು ಕೊಟ್ಟ ಮಾಲನ್ನೇ ಮಾರಬೇಕಲ್ಲ, ಹಾಗೆ. ಸಾಲದ್ದಕ್ಕೆ ಆಗಿನ ಕಾಲದಲ್ಲಿ ಫಿಲ್ಮ್ ರೀಲು ಅಡಿ ಲೆಕ್ಕದಲ್ಲಿ ಕೊಳ್ಳಬೇಕು. ಒಂದು ಶಾಟ್ ಕೆಟ್ಟರೆ ಅಷ್ಟು ಅಡಿ ರೀಲು ದಂಡ. ಲ್ಯಾಬಿನವರು ಹಣ ಕಟ್ಟೋ ತನಕ ಪ್ರಿಂಟ್ ಬಿಡಲ್ಲ. ಈಗಿನ ಹಾಗೆ ಮೊಬೈಲಲ್ಲಿ ತೆಗೆದು ಬೇಡ ಅನಿಸಿದರೆ ಅಳಿಸೋ ಹಾಗಿರಲಿಲ್ಲ.

ಈ ಉರುಳಿನಿಂದ ತಪ್ಪಿಸಿಕೊಳ್ಳೋದು ಹೇಗೆ ಅನ್ನೋದೇ ಜಾನ್ ಅವರ ಮುಂದಿನ ಹದಿನೈದು ವರ್ಷದ ಬದುಕು.

ಎರಡನೇ ಚಿತ್ರ ಅವರು ಮಾಡಿದ್ದು ಮಲಯಾಳದಲ್ಲಿ ಅಲ್ಲ, ತಮಿಳಲ್ಲಿ. 1977ರ 'ಅಗ್ರಹಾರತ್ತಿಲ್ ಕಳುದೈ'. ಅಗ್ರಹಾರದಲ್ಲಿ ಕತ್ತೆ ಅಂತ ಅರ್ಥ. ಚಿತ್ರಕತೆ ಬರೆದವರು ತಮಿಳು ವಿಮರ್ಶಕ ವೆಂಕಟ್ ಸ್ವಾಮಿನಾಥನ್. ಕತೆ ಇಷ್ಟು: ಮದರಾಸಿನ ಕಾಲೇಜೊಂದರ ಮೇಷ್ಟ್ರು, ಜಾತಿಯಲ್ಲಿ ಬ್ರಾಹ್ಮಣರು. ತಾಯಿ ಸತ್ತ ಕತ್ತೆಮರಿಯೊಂದು ಅವರ ಮನೆ ಬಾಗಿಲಿಗೆ ಬರುತ್ತೆ. ಪಾಪ ಅಂತ ಸಾಕ್ತಾರೆ. ಕಾಲೇಜಲ್ಲಿ ಎಲ್ಲರೂ ನಗಾಡ್ತಾರೆ. ಸರಿ, ಊರಲ್ಲಿರಲಿ ಅಂತ ತಮ್ಮ ಅಗ್ರಹಾರಕ್ಕೆ ಕರೆದೊಯ್ದು ಬಿಡ್ತಾರೆ. ಮನೆಗೆಲಸದ ಮೂಕಿ ಹುಡುಗಿ ಉಮಾ ಅದನ್ನ ನೋಡಿಕೊಳ್ತಾಳೆ. ಊರಲ್ಲಿ ಏನೇ ಕೆಟ್ಟದಾದರೂ ಕತ್ತೆಯಿಂದ ಅಂತ ಶುರುವಾಗುತ್ತೆ. ಪೋರರು ಬೇಕಂತಲೇ ಅದನ್ನ ಶುಭಕಾರ್ಯದ ಮಧ್ಯೆ ನುಗ್ಗಿಸ್ತಾರೆ. ಕೊನೆಗೆ ಉಮಾ ಹೆತ್ತ ಸತ್ತ ಕೂಸು ದೇವಸ್ಥಾನದ ಹತ್ತಿರ ಸಿಕ್ಕಾಗ ಆ ತಪ್ಪೂ ಕತ್ತೆಯ ತಲೆಗೇ. ಎಲ್ಲರೂ ಸೇರಿ ಬಡಿದು ಸಾಯಿಸ್ತಾರೆ.

ಮಜಾ ಇರೋದು ಆಮೇಲೆ. ಸಾಯಿಸಿದವರಿಗೇ ಅಳುಕು ಹತ್ತುತ್ತೆ. ಸಣ್ಣಪುಟ್ಟ ಒಳ್ಳೇದಾದರೂ ಕತ್ತೆಯ ಮಹಿಮೆ ಅನ್ನೋಕೆ ಶುರು ಮಾಡ್ತಾರೆ. ಬದುಕಿದ್ದಾಗ ಹೊಡೆದವರೇ ಸತ್ತ ಕತ್ತೆಗೆ ಗುಡಿ ಕಟ್ಟೋ ಮಾತಾಡ್ತಾರೆ. ಚಿತ್ರದ ಕೊನೆಗೆ ಅಗ್ರಹಾರ ಹೊತ್ತಿ ಉರಿಯುತ್ತೆ.

ನಮ್ಮಲ್ಲಿ 1970ರಲ್ಲಿ 'ಸಂಸ್ಕಾರ' ಬಂದಾಗ ಎದ್ದ ಗದ್ದಲ ಹಳಬರಿಗೆ ನೆನಪಿರಬಹುದು. ಮದರಾಸಿನ ಸೆನ್ಸಾರ್‌ನವರು ಅದನ್ನ ಮೊದಲು ತಡೆಹಿಡಿದಿದ್ದರು. ಜಾನ್ ಅವರ ಕತ್ತೆಗೂ ಅಂಥದ್ದೇ ಗತಿ. ಸಮುದಾಯಕ್ಕೆ ಅವಮಾನ, ನಿಷೇಧಿಸಿ ಅಂತ ಕೂಗೆದ್ದಿತು. ಆದರೆ ಆ ವರ್ಷದ ಅತ್ಯುತ್ತಮ ತಮಿಳು ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂದದ್ದೂ ಅದಕ್ಕೇ. ಪ್ರಶಸ್ತಿ ಬಂದರೂ ಥಿಯೇಟರ್ ಸಿಗಲಿಲ್ಲ. ಎಷ್ಟೋ ವರ್ಷದ ಮೇಲೆ ದೂರದರ್ಶನದವರು ಪ್ರಸಾರ ಮಾಡ್ತೀವಿ ಅಂತ ಹೇಳಿ, ಕೊನೇ ಗಳಿಗೆಯಲ್ಲಿ ಕೈಬಿಟ್ಟರು. ಅಷ್ಟೊತ್ತಿಗೆ ಜಾನ್ ತೀರಿಕೊಂಡಾಗಿತ್ತು. ಅಂದಹಾಗೆ ಅದರಲ್ಲಿ ಮೇಷ್ಟ್ರ ಪಾತ್ರ ಮಾಡಿದ್ದು ನಟರಲ್ಲ, ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್. ಈ ಚಿತ್ರ ಮೇಲ್ಜಾತಿಯವರ ಮೇಲಿನ ಬೈಗುಳ ಅಂತ ತಿಳಿದವರು ಅರ್ಧ ಮಾತ್ರ ನೋಡಿದಂತೆ. ಕಣ್ಣೆದುರಿನ ಜೀವವನ್ನ ಒದ್ದು ಆಮೇಲೆ ಅದರ ಫೋಟೋಕ್ಕೆ ಹಾರ ಹಾಕೋದು ಒಂದೇ ಜಾತಿಯ ಚಾಳಿಯಲ್ಲ.

ಮೂರನೆಯದು 1979ರ 'ಚೆರಿಯಾಚ್ಚಂಡೆ ಕ್ರೂರಕೃತ್ಯಙಳ್', ಚೆರಿಯಾಚ್ಚನ್ನನ ಕ್ರೂರ ಕೃತ್ಯಗಳು. ಹೆಸರು ಕೇಳಿದರೆ ಕೊಲೆಗಡುಕನ ಕತೆ ಅನಿಸುತ್ತೆ. ನೋಡಿದರೆ ಆ ಚೆರಿಯಾಚ್ಚನ್ ಇರುವೆಯನ್ನೂ ಹೊಸಕದ ಪುಕ್ಕಲ. ಕುಟ್ಟನಾಡಿನ ಒಬ್ಬ ಜಮೀನುದಾರ. ಕೂಲಿಗಳ ಮೇಲೆ ಪೊಲೀಸರ ದೌರ್ಜನ್ಯ ನೋಡಿದ್ದೇ, ತಾನು ಏನೂ ಮಾಡದಿದ್ದರೂ ತನ್ನನ್ನೂ ಹಿಡಿದುಕೊಂಡು ಹೋಗ್ತಾರೆ ಅನ್ನೋ ಹೆದರಿಕೆಯಲ್ಲಿ ತಲೆ ಕೆಡಿಸಿಕೊಳ್ತಾನೆ. ಕೊನೆಗೆ ತೆಂಗಿನ ಮರ ಏರಿ ಕೂರ್ತಾನೆ. ತುರ್ತು ಪರಿಸ್ಥಿತಿ ಮುಗಿದು ಇನ್ನೂ ಎರಡು ವರ್ಷ ಆಗಿತ್ತಷ್ಟೆ, ಪೊಲೀಸರ ಭಯ ಅಂದರೆ ಏನು ಅಂತ ನೋಡಿದವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಜನರನ್ನ ನಗಿಸುತ್ತಿದ್ದ ಅಡೂರ್ ಭಾಸಿ ಅವರಿಗೆ ಈ ಪಾತ್ರ ಕೊಟ್ಟಿದ್ದು ಜಾನ್ ಅವರ ಜಾಣ್ಮೆ. ಭಾಸಿಯವರಿಗೆ ರಾಜ್ಯ ಪ್ರಶಸ್ತಿಯೂ ಬಂತು. ದುಡ್ಡು ಬರಲಿಲ್ಲ.

ಮೂರು ಸಿನಿಮಾ ಆಯ್ತು, ಹೆಸರಾಯ್ತು, ಜೇಬು ಖಾಲಿ. ನಿರ್ಮಾಪಕರು ಯಾರೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವರ ದೃಷ್ಟಿಯಿಂದ ನೋಡಿದರೆ ತಪ್ಪು ಅನ್ನೋಕಾಗಲ್ಲ. ಹೇಳಿದ ಹೊತ್ತಿಗೆ ಬರದ, ಕುಡಿದು ಎಲ್ಲೋ ಮಲಗುವ, ಹಾಕಿದ ಬಂಡವಾಳ ವಾಪಸ್ ತರದ ಮನುಷ್ಯನ ಮೇಲೆ ಯಾರು ತಾನೇ ಹಣ ಹಾಕ್ತಾರೆ? ಈ ನಡುವೆ ಜಾನ್ ಕತೆಗಳನ್ನ ಬರೆದರು, ಬೀದಿ ನಾಟಕ ಆಡಿಸಿದರು, ಸ್ನೇಹಿತರ ಮನೆ ಜಗುಲಿಯಲ್ಲಿ ದಿನ ಕಳೆದರು.

1984ರಲ್ಲಿ ಕೋಳಿಕ್ಕೋಡಿನಲ್ಲಿ ಗೆಳೆಯರೊಂದಿಗೆ ಕೂತು ಒಂದು ತೀರ್ಮಾನಕ್ಕೆ ಬಂದರು. ಸಾಹುಕಾರರ ಮನೆ ಬಾಗಿಲು ತಟ್ಟಿದ್ದು ಸಾಕು, ಸಿನಿಮಾ ನೋಡುವ ಜನರನ್ನೇ ದುಡ್ಡು ಕೇಳೋಣ. ಹೀಗೆ ಹುಟ್ಟಿದ್ದು 'ಒಡೆಸ್ಸಾ' ಅನ್ನೋ ಬಳಗ.

ಅವರು ಮಾಡಿದ ಕೆಲಸ ನಮ್ಮ ಊರಿನವರಿಗೆ ಹೊಸದೇನಲ್ಲ. ಗಣೇಶನ ಹಬ್ಬಕ್ಕೆ, ಜಾತ್ರೆಗೆ, ನಾಟಕಕ್ಕೆ ಹುಡುಗರು ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿಗೆ ಬರಲ್ವಾ, ಅದೇ. ಆದರೆ ಒಡೆಸ್ಸಾದವರು ಸುಮ್ಮನೆ ಕೈಚಾಚಲಿಲ್ಲ. ಊರಿಗೆ ಬಂದು ಡೋಲು ಬಾರಿಸಿ ಜನ ಸೇರಿಸೋದು, ಹಾಡು, ಸಣ್ಣ ನಾಟಕ ಆಡೋದು, ಪರದೆ ಕಟ್ಟಿ ಸಿನಿಮಾ ತೋರಿಸೋದು. ಅದರಲ್ಲಿ ಮುಖ್ಯವಾಗಿ ಚಾರ್ಲಿ ಚಾಪ್ಲಿನ್ ಅವರ 1921ರ 'ದಿ ಕಿಡ್'. ಅನಾಥ ಮಗುವನ್ನ ಬಡವನೊಬ್ಬ ಸಾಕೋ ಕತೆ. ಮಾತಿಲ್ಲದ ಚಿತ್ರ, ಇಂಗ್ಲಿಷ್ ಬರಬೇಕು ಅಂತಿಲ್ಲ. ಕೂಲಿಯವರೂ ನಗ್ತಾರೆ, ಅಳ್ತಾರೆ. ಅದು ಮುಗಿದ ಮೇಲೆ, ನಾವೂ ಒಂದು ಸಿನಿಮಾ ಮಾಡಬೇಕು, ಕೈಲಾದಷ್ಟು ಕೊಡಿ ಅಂತ ಕೇಳೋದು. ಕೊಟ್ಟವರು ಕೊಟ್ಟರು. ಚಿಲ್ಲರೆ ಕಾಸೂ ಬಂತು, ನೋಟೂ ಬಂತು.

ಜನರ ದುಡ್ಡಿಂದ ಸಿನಿಮಾ ಆಗಿದ್ದು ಅದೇ ಮೊದಲಲ್ಲ. ಶ್ಯಾಮ್ ಬೆನಗಲ್ 1976ರಲ್ಲಿ 'ಮಂಥನ್' ಮಾಡಿದಾಗ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೊಟ್ಟಿದ್ದರು. ಆದರೆ ಅಲ್ಲಿ ಡೇರಿ ಸಹಕಾರ ಸಂಘ ಬೆನ್ನಿಗಿತ್ತು, ಕತೆಯೂ ಅವರ ಹಾಲಿನದೇ. ನಮ್ಮ ಕನ್ನಡದಲ್ಲಿ 2013ರ 'ಲೂಸಿಯಾ' ಸಹ ಜನರಿಂದ ಬಂದ ದುಡ್ಡಿನ ಚಿತ್ರವೇ. ಅಲ್ಲಿ ಇಂಟರ್‌ನೆಟ್ ಇತ್ತು, ಹಣ ಹಾಕಿದವರಿಗೆ ಲಾಭದಲ್ಲಿ ಪಾಲು ಅನ್ನೋ ಲೆಕ್ಕ ಇತ್ತು. ಜಾನ್ ಕೇಳಿದ ದುಡ್ಡಿಗೆ ಪಾಲೂ ಇಲ್ಲ, ಬಡ್ಡಿಯೂ ಇಲ್ಲ, ಹೆಸರು ಪರದೆ ಮೇಲೆ ಬರೋ ಆಸೆಯೂ ಇಲ್ಲ. ಹಿಂದೆ ಸಂಘ ಇಲ್ಲ, ಬ್ಯಾಂಕ್ ಇಲ್ಲ. ಬೀದಿಯಲ್ಲಿ ನಿಂತು ಕೇಳಿದ್ದು, ಬೀದಿಯಲ್ಲಿ ಹೋಗೋರು ಕೊಟ್ಟಿದ್ದು.

ಹೀಗೆ ಕೂಡಿದ ಹಣದಲ್ಲಿ ಆದದ್ದು 1986ರ 'ಅಮ್ಮ ಅರಿಯಾನ್'. ಬರೆದದ್ದು, ನಿರ್ದೇಶಿಸಿದ್ದು ಜಾನ್. ನಿರ್ಮಾಪಕ ಯಾರು ಅಂದರೆ ಒಡೆಸ್ಸಾ, ಅಂದರೆ ಚಂದಾ ಕೊಟ್ಟ ಜನ. ಹೆಸರು ಕನ್ನಡದವರಿಗೆ ತರ್ಜುಮೆ ಇಲ್ಲದೇ ತಿಳಿಯುತ್ತೆ. ಅಮ್ಮ ಅರಿಯಲಿ ಅಂತ, ತಾಯಿಗೆ ತಿಳಿಯಲಿ ಅಂತ ಹೇಳೋ ವಿಷಯ.

ಪುರುಷನ್ ಅನ್ನೋ ಯುವಕ ವಯನಾಡಿನಿಂದ ದಿಲ್ಲಿಗೆ ಓದೋಕೆ ಹೊರಟಿರ್ತಾನೆ. ಹೋದಲ್ಲಿಂದ ತಪ್ಪದೆ ಕಾಗದ ಬರೀತೀನಿ ಅಂತ ತಾಯಿಗೆ ಮಾತು ಕೊಟ್ಟಿರ್ತಾನೆ. ದಾರಿಯಲ್ಲಿ ಮರಕ್ಕೆ ನೇತಾಡುತ್ತಿದ್ದ ಹೆಣವೊಂದು ಕಣ್ಣಿಗೆ ಬೀಳುತ್ತೆ. ಎಲ್ಲೋ ನೋಡಿದ ಮುಖ. ಯಾರು ಅನ್ನೋದು ನೆನಪಾಗ್ತಿಲ್ಲ. ದಿಲ್ಲಿಗೆ ಹೋಗೋದು ಬಿಟ್ಟು ವಿಚಾರಿಸ್ತಾ ಹೊರಡ್ತಾನೆ. ತಬಲಾ ಬಾರಿಸುತ್ತಿದ್ದ ಹರಿ ಅಂತ ಗೊತ್ತಾಗುತ್ತೆ. ಹರಿಯ ತಾಯಿ ಇರೋದು ಕೊಚ್ಚಿಯಲ್ಲಿ. ಮಗ ಸತ್ತ ಸುದ್ದಿ ಆಕೆಗೆ ಯಾರಾದರೂ ಹೇಳಬೇಕಲ್ಲ? ಆ ಸುದ್ದಿ ಹೊತ್ತು ಬಡಗಣ ಬೆಟ್ಟದಿಂದ ಸಮುದ್ರದ ಕಡೆಗೆ ಪಯಣ. ಊರೂರಲ್ಲಿ ಹರಿಯನ್ನ ಬಲ್ಲವರು ಒಬ್ಬೊಬ್ಬರೇ ಜೊತೆಯಾಗ್ತಾರೆ. ಪ್ರತಿಯೊಬ್ಬನೂ ಹೊರಡುವ ಮೊದಲು ತನ್ನ ತಾಯಿಗೆ ಹೇಳಿ ಹೊರಡ್ತಾನೆ. ಒಬ್ಬನಿದ್ದದ್ದು ಇಬ್ಬರಾಗಿ, ಹತ್ತಾಗಿ, ಕೊನೆಗೆ ಗುಂಪೇ ಆ ತಾಯಿಯ ಮುಂದೆ ಹೋಗಿ ನಿಲ್ಲುತ್ತೆ.

ಸಿನಿಮಾ ಹೇಗೆ ತಯಾರಾಯಿತೋ ಕತೆಯೂ ಹಾಗೇ ನಡೆಯೋದನ್ನ ಗಮನಿಸಿ. ಅಲ್ಲೂ ಊರೂರು ಅಲೆದು ಒಬ್ಬೊಬ್ಬರನ್ನ ಸೇರಿಸಿಕೊಳ್ಳೋದೇ. ದಾರಿಯಲ್ಲಿ ಕೇರಳದ ನಿಜವಾದ ಗಾಯಗಳೆಲ್ಲ ಬಂದು ಹೋಗ್ತವೆ. 1982ರಲ್ಲಿ ವೈಪಿನ್ ದ್ವೀಪದಲ್ಲಿ ಕಳ್ಳಭಟ್ಟಿ ಕುಡಿದು ಜನ ಸತ್ತದ್ದು, ಕಣ್ಣು ಕಳಕೊಂಡದ್ದು, ಮಟ್ಟಾಂಚೇರಿಯ ಹಮಾಲರ ಮೇಲೆ ಗೋಲಿಬಾರ್ ಆದದ್ದು. ಕತೆ ಯಾವುದು, ಸಾಕ್ಷ್ಯಚಿತ್ರ ಯಾವುದು ಅಂತ ಬೇರೆ ಮಾಡೋದು ಕಷ್ಟ. ಪುರುಷನ್ ಪಾತ್ರ ಮಾಡಿದ್ದು ಜಾಯ್ ಮ್ಯಾಥ್ಯೂ, ಆಗಿನ್ನೂ ಹುಡುಗ. ಕಪ್ಪುಬಿಳುಪು ಚಿತ್ರೀಕರಣ ವೇಣು ಅವರದು, ಸಂಕಲನ ಬೀನಾ ಪೌಲ್ ಅವರದು. ಇಬ್ಬರೂ ಮುಂದೆ ದೊಡ್ಡ ಹೆಸರಾದರು.

ಚಿತ್ರ ಸಲೀಸಾಗಿ ನೋಡಿಸಿಕೊಂಡು ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ನಿಧಾನ. ಕೆಲವು ಕಡೆ ಎಳೆದ ಹಾಗನಿಸುತ್ತೆ, ಕೆಲವು ಮುಖಗಳಲ್ಲಿ ನಟನೆಯೇ ಇಲ್ಲ. ಹಾಡು ಫೈಟಿನ ರೂಢಿಯಲ್ಲಿ ನೋಡಿದರೆ ಅರ್ಧ ಗಂಟೆಗೆ ಎದ್ದು ಹೋಗ್ತೀರಿ. ಆದರೆ ತಾಯಿ ಮುಂದೆ ಆ ಗುಂಪು ನಿಂತ ಹೊತ್ತಿಗೆ, ಅಷ್ಟುದ್ದ ನಡೆದು ಬಂದದ್ದು ಯಾಕೆ ಅನ್ನೋದು ಅರ್ಥ ಆಗುತ್ತೆ. ಮೊದಲ ಹತ್ತು ನಿಮಿಷದಲ್ಲೇ ಸುದ್ದಿ ಮುಟ್ಟಿಸಿಬಿಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ರಾಷ್ಟ್ರ ಪ್ರಶಸ್ತಿಗಳಲ್ಲಿ ಜಾನ್ ಅವರಿಗೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ವೇಣು ಅವರ ಛಾಯಾಗ್ರಹಣಕ್ಕೂ ಪ್ರಶಸ್ತಿ ಬಂತು. ಚಿತ್ರವನ್ನ ಥಿಯೇಟರ್ ಮಾಲೀಕರ ಕೈಗೆ ಕೊಡಲಿಲ್ಲ. ದುಡ್ಡು ಕೊಟ್ಟವರ ಬಳಿಗೇ ತಿರುಗಿ ಹೋಗಿ, ಕೇರಳದ ಊರುಗಳಲ್ಲಿ ಲಾಭದ ಮಾತಿಲ್ಲದೆ ತೋರಿಸಿದರು. ಚಂದಾ ಎತ್ತಿದವರು ಲೆಕ್ಕ ಕೊಡಲ್ಲ ಅನ್ನೋದು ನಮ್ಮಲ್ಲಿ ಮಾಮೂಲಿ ದೂರು. ಇವರು ಲೆಕ್ಕವನ್ನ ಪರದೆ ಮೇಲೆ ಕೊಟ್ಟರು.

ಅದಾಗಿ ಒಂದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. 1987ರ ಮೇ ಕೊನೆಯಲ್ಲಿ, ಕೋಳಿಕ್ಕೋಡಿನಲ್ಲಿ ರಾತ್ರಿ ಗೆಳೆಯರ ಕೂಟ ಮುಗಿದ ಮೇಲೆ ಮನೆಯೊಂದರ ತಾರಸಿಯಿಂದ ಜಾನ್ ಕೆಳಕ್ಕೆ ಬಿದ್ದರು. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಮೇ 31ರಂದು ತೀರಿಕೊಂಡರು. 49 ವರ್ಷ. ಕಳ್ಳಭಟ್ಟಿಗೆ ಸತ್ತವರ ದುಃಖ ತೆರೆಗೆ ತಂದ ಮನುಷ್ಯನನ್ನ ಕುಡಿತ ಬಿಡಲಿಲ್ಲ.

ಸತ್ತ ಮೇಲೆ ಜಾನ್ ಅವರ ಸುತ್ತ ದಂತಕತೆಗಳು ಹುಟ್ಟಿದವು. ಎಲ್ಲೆಲ್ಲಿ ಕುಡಿದರು, ಯಾರ ಜೊತೆ ಜಗಳ ಮಾಡಿದರು, ಯಾವ ದೊಡ್ಡ ಮನುಷ್ಯರಿಗೆ ಏನು ತಿರುಗಿ ಹೇಳಿದರು, ಇಂಥವೇ ಹೆಚ್ಚು. ಬಹಳ ಜನರಿಗೆ ಅವರ ಸಿನಿಮಾಕ್ಕಿಂತ ಈ ಕತೆಗಳೇ ಬಾಯಿಪಾಠ. ಕುಡುಕ ಮೇಧಾವಿ ಅಂತ ಒಬ್ಬರನ್ನ ಕೂರಿಸಿಬಿಟ್ಟರೆ ಅವರು ಮಾಡಿದ ಕೆಲಸದ ಕಷ್ಟ ಯಾರಿಗೂ ಕಾಣಲ್ಲ. ಹತ್ತಾರು ಊರಲ್ಲಿ ನಿಂತು, ಗುರುತಿಲ್ಲದವರ ಮುಂದೆ ಕೈಯೊಡ್ಡಿ, ಬಂದ ಚಿಲ್ಲರೆಯನ್ನ ರೀಲಿಗೆ, ಲ್ಯಾಬಿಗೆ, ಕ್ಯಾಮೆರಾ ಬಾಡಿಗೆಗೆ ಹೊಂದಿಸಿ, ಒಂದು ಇಡೀ ಚಿತ್ರ ಮುಗಿಸೋದು ಬರೀ ಕುಡುಕನ ಕೈಲಾಗೋ ಕೆಲಸ ಅಲ್ಲ. ಜಾನ್ ಒಬ್ಬರ ಕೈಲೂ ಆಗುತ್ತಿರಲಿಲ್ಲ. ಜೊತೆಗಿದ್ದ ಹುಡುಗರದ್ದೂ ಅಷ್ಟೇ ದುಡಿಮೆ.

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರ ಹತ್ತು ಶ್ರೇಷ್ಠ ಭಾರತೀಯ ಚಿತ್ರಗಳ ಪಟ್ಟಿಯಲ್ಲಿ ದಕ್ಷಿಣ ಭಾರತದಿಂದ ಇದ್ದದ್ದು 'ಅಮ್ಮ ಅರಿಯಾನ್' ಒಂದೇ. ಕೇರಳದ ಫಿಲ್ಮ್ ಸೊಸೈಟಿಯವರು ಜಾನ್ ಹೆಸರಲ್ಲಿ ಪ್ರಶಸ್ತಿ ಇಟ್ಟಿದ್ದಾರೆ. ಒಡೆಸ್ಸಾ ಮಾತ್ರ ಜಾನ್ ಜೊತೆಗೇ ಮುಗಿದುಹೋಗಲಿಲ್ಲ. ಬಳಗದಲ್ಲಿದ್ದ ಸತ್ಯನ್ ಅನ್ನೋರು ಹೆಸರಿಗೇ ಒಡೆಸ್ಸಾ ಸೇರಿಸಿಕೊಂಡು ಒಡೆಸ್ಸಾ ಸತ್ಯನ್ ಆದರು. ಊರೂರಿಗೆ ಸಿನಿಮಾ ಹೊತ್ತೊಯ್ದು ತೋರಿಸುತ್ತಾ, ಜನರ ದುಡ್ಡಲ್ಲೇ ಸಾಕ್ಷ್ಯಚಿತ್ರ ತೆಗೆಯುತ್ತಾ, 2014ರಲ್ಲಿ ತಾವು ಸಾಯೋ ತನಕ ಅದನ್ನ ನಡೆಸಿಕೊಂಡು ಬಂದರು.